ಕೋಲಾರದ ಹೊಲ ಬೆಂಗಳೂರಿನ ತಿಪ್ಪೆಯಲ್ಲ!



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ಊರುಗಳ ಟೊಮೆಟೊ, ಹಾಲು, ಮಾವು ತಿಂದು, ರೇಷ್ಮೆ ಉಟ್ಟು ಬೆಳೆದವರು ನಾವು. ಬದಲಿಗೆ ಬೆಂಗಳೂರು ಕೊಟ್ಟದ್ದೇನು? ಕೊಳಚೆ!

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ತುಂಬಿಸುವ ಯೋಜನೆ. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು! ನೀರಾವರಿ ಹೋರಾಟಗಾರ ಆಂಜನೇಯ ರೆಡ್ಡಿಯವರು ಹೈಕೋರ್ಟಿಗೆ ಹೋದರು. ತಡೆ ಬಂತು, ಆಮೇಲೆ ತೆರವಾಯಿತು, ನೀರು ಹರಿಯಿತು. ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂದದ್ದು ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಜಿಲ್ಲೆಯ ಕೂಗೂ ಅಷ್ಟೇ ನಿಜ.

ಏಕೆಂದರೆ ಕೊಳಚೆಯೊಡನೆ ಕಾರ್ಖಾನೆಯ ನೀರೂ ಬೆರೆತರೆ, ಅದರ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಕೆಸರಿನಲ್ಲಿ, ಹೂಳಿನಲ್ಲಿ ಕೂರುತ್ತವೆ. ಕೆರೆಗೋಡು ತಂದು ಹೊಲಕ್ಕೆ ಹೊಡೆಯುವುದು ನಮ್ಮ ರೈತನ ತಲೆತಲಾಂತರದ ಪದ್ಧತಿ. ಸಗಣಿ ಕೊಳೆತು ಗೊಬ್ಬರವಾಗುತ್ತದೆ, ಸೀಸ ಕೊಳೆಯುವುದಿಲ್ಲ! ಕೆಂಪು ಮಣ್ಣಿಗೆ ಒಮ್ಮೆ ಬಿದ್ದರೆ ಜರಡಿ ಹಿಡಿದು ತೆಗೆಯುವವರು ಯಾರು? ಕೆಜಿಎಫ್ ನೋಡಿ. ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ.

ತ್ಯಾಜ್ಯವೆಲ್ಲ ವಿಷವೆಂದು ನಾವು ಹೇಳುತ್ತಿಲ್ಲ. ಸಕ್ಕರೆ ಕಾರ್ಖಾನೆಯ ಮಡ್ಡಿ, ತೆಂಗಿನ ನಾರಿನ ಪುಡಿ ಚೆನ್ನಾಗಿ ಕೊಳೆತರೆ ಒಳ್ಳೆಯ ಗೊಬ್ಬರ. ಪರೀಕ್ಷೆ ಮಾಡಿ ಹಾಕಿದರೆ ಮಣ್ಣಿಗೂ ಲಾಭ. ನಗರ ಕಾಂಪೋಸ್ಟಿನ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಬಾರದೆಂದು ರಸಗೊಬ್ಬರ ನಿಯಂತ್ರಣ ಆದೇಶವೇ ಹೇಳುತ್ತದೆ. ಅಪಾಯಕಾರಿ ತ್ಯಾಜ್ಯದ ಪ್ರತಿ ಲೋಡಿಗೂ ರವಾನೆ ಪತ್ರ ಇರಬೇಕೆಂದು 2016ರ ನಿಯಮ ಹೇಳುತ್ತದೆ.

ಆದರೆ ಇದನ್ನೆಲ್ಲ ರೈತನಿಗೆ ಯಾವ ಭಾಷೆಯಲ್ಲಿ ಹೇಳಿದಿರಿ ಸ್ವಾಮಿ? ವಿಜ್ಞಾನಿಗಳ ವರದಿ ಇಂಗ್ಲಿಷ್! ನ್ಯಾಯಾಲಯದ ಆದೇಶ ಇಂಗ್ಲಿಷ್! ವಿಷ ಮಾತ್ರ ಕನ್ನಡದ ಮಣ್ಣಿಗೆ! ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಲೇಬೇಕೆಂದು 2025ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿತು. ಬಿಸ್ಕತ್ತಿನ ಪೊಟ್ಟಣಕ್ಕೆ ಬೇಕಾದ ಕನ್ನಡ, ಹೊಲಕ್ಕೆ ಸುರಿಯುವ ಕೆಸರಿಗೆ ಬೇಡವೇ? ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮನೆಯೊಳಗೆ ತೆಲುಗು ಆಡುವ ರೈತನ ಪಹಣಿಯೂ ಕನ್ನಡದಲ್ಲೇ ಇದೆ. ಅವನ ಮಣ್ಣಿನ ವರದಿಯೇಕೆ ಇರಬಾರದು?

ನಮ್ಮ ಹಕ್ಕೊತ್ತಾಯ ಮೂರು:

1. ಕೆರೆ ನೀರು, ಹೂಳು, ಮಣ್ಣಿನ ಪರೀಕ್ಷಾ ಫಲಿತಾಂಶ ಪ್ರತಿ ತಿಂಗಳೂ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರಬೇಕು.

2. ಹೊಲಕ್ಕೆ ಬರುವ ಪ್ರತಿ ಲೋಡಿನೊಡನೆ ಎಲ್ಲಿಂದ ಬಂತು, ಏನಿದೆ ಎಂಬ ಕನ್ನಡದ ಚೀಟಿ ಇರಬೇಕು. ಚೀಟಿ ಇಲ್ಲವೇ? ಲಾರಿ ವಾಪಸ್!

3. ಕಾರ್ಖಾನೆ ನೀರು ಚರಂಡಿಗೆ ಸೇರಕೂಡದು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು.

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವ ಗೆಳೆಯರೇ, ನಿಮ್ಮ ಗೇಟು ದಾಟುವ ಕಸದ ಲಾರಿ ಯಾವ ಊರಿಗೆ ಹೋಗುತ್ತದೆ? ಕೇಳಿ! ಬೆಂಗಳೂರಿನ ಗೆಳೆಯರೇ, ನೀವು ಸುಮ್ಮನಿದ್ದರೆ ಅದೇ ಕೆಸರು ಟೊಮೆಟೊ ಆಗಿ ನಿಮ್ಮ ತಟ್ಟೆಗೇ ಬರಬಹುದು!

ನುಡಿ ಉಳಿಯಬೇಕಾದರೆ ಆ ನುಡಿ ಆಡುವವರ ಮಣ್ಣು ಉಳಿಯಬೇಕು. ಸಿರಿಗನ್ನಡಂ ಗೆಲ್ಗೆ!