ಹಕ್ಕಲಾಯುವವರ ಮಾತು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ದೊಡ್ಡ ಕಚೇರಿಗಳಲ್ಲಿ ಕುಳಿತು ಇಂಗ್ಲಿಷಿನಲ್ಲಿ ವರದಿಗಳನ್ನು ಬರೆಯುವವರು. ಅವರೊಡನೆ ನನಗೊಂದು ಜಗಳವಿದೆ. ‘ಗ್ರಾಹಕರಿಂದ ಗ್ಲೀನ್ ಮಾಡಿದ ಅಪಾರ ಮಾಹಿತಿ’ ಎಂದು ಬರೆಯುತ್ತೀರಲ್ಲ, ಅದು ಗ್ಲೀನ್ ಅಲ್ಲ.

ಒಡೆಯನು ಬೆಳೆ ಕೊಯ್ದು ಕಣಕ್ಕೆ ಸಾಗಿಸಿದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಬಡವರು ಒಂದೊಂದಾಗಿ ಹೆಕ್ಕಿಕೊಳ್ಳುವುದೇ ಗ್ಲೀನ್. ಕನ್ನಡದಲ್ಲಿ ಇದಕ್ಕೆ ಹಕ್ಕಲಾಯುವುದು ಎಂಬ ಅಚ್ಚುಕಟ್ಟಾದ ಮಾತಿದೆ. (ಮಲೆನಾಡಿನವರು ಕುರುಚಲು ಬೆಳೆದ ಬಯಲನ್ನು ಹಕ್ಕಲು ಎನ್ನುವುದು ಬೇರೆ, ಬೆರೆಸಬೇಡಿ.) ಹೀಗಿದ್ದೂ ‘ಸಂಗ್ರಹಿಸು’ ಎಂಬ ಸಪ್ಪೆ ಅರ್ಥವನ್ನು ಬರೆಸಿ ಮುಂದೆ ಸಾಗುವ ಪಾಠವನ್ನು ಏನೆನ್ನಲಿ? ಸಂಗ್ರಹವನ್ನು ಸಾಹುಕಾರನೂ ಮಾಡುತ್ತಾನೆ. ಹಕ್ಕಲನ್ನು ಅವನು ಆಯುವುದಿಲ್ಲ.

ಬೈಬಲಿನ ಯಾಜಕಕಾಂಡವು ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆಯನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂದು ಒಡೆಯನಿಗೆ ವಿಧಿಸುತ್ತದೆ. ಆ ವಿಧಿಯ ಬಲದಿಂದಲೇ ಮೋವಾಬಿನ ವಿಧವೆ ರೂತಳು ಬೇತ್ಲೆಹೇಮಿನಲ್ಲಿ ಬೋವಜನ ಹೊಲಕ್ಕೆ ಇಳಿದು ಜವೆಗೋಧಿಯ ತೆನೆಗಳನ್ನು ಆಯ್ದು ಅತ್ತೆಯನ್ನು ಸಾಕಿದಳು. ಬೇಕೆಂದೇ ಕೆಲವು ತೆನೆಗಳನ್ನು ಕೆಡವಿ ಬಿಡಿರೆಂದು ಬೋವಜನು ಆಳುಗಳಿಗೆ ಹೇಳಿದ್ದನಂತೆ. ಇದು ಭಿಕ್ಷೆಯಲ್ಲ, ಹಕ್ಕು.

ಆ ಹಕ್ಕನ್ನು ಕಸಿದವರೂ ಇದ್ದಾರೆ. ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಮೇರಿ ಹೌಟನ್ ಎಂಬಾಕೆ ಸ್ಟೀಲ್ ಎಂಬ ಭೂಮಾಲಿಕನ ಹೊಲದಲ್ಲಿ ಹಕ್ಕಲಾಯ್ದಳೆಂದು ಮೊಕದ್ದಮೆ ನಡೆಯಿತು. 1788ರಲ್ಲಿ ನ್ಯಾಯಾಲಯವು, ಒಬ್ಬ ನ್ಯಾಯಾಧೀಶರು ಒಪ್ಪದಿದ್ದರೂ, ಹಾಗೆ ಆಯಲು ಬಡವರಿಗೆ ಕಾನೂನಿನ ಹಕ್ಕಿಲ್ಲವೆಂದು ತೀರ್ಪಿತ್ತಿತು. 1857ರ ಮಿಲೆಯ ಪ್ರಸಿದ್ಧ ಚಿತ್ರವನ್ನು ನೋಡಿ: ಮುಂದೆ ಬೆನ್ನು ಬಾಗಿಸಿದ ಮೂವರು ಹೆಂಗಸರು, ದೂರದಲ್ಲಿ ಬೆಟ್ಟದಂತಹ ಬಣವೆಗಳು.

ಚದುರಿದ ಮಾಹಿತಿಯನ್ನು ಹಳೆಯ ಕಾಗದಪತ್ರಗಳಿಂದ ಕಷ್ಟಪಟ್ಟು ಹೆಕ್ಕುವುದಕ್ಕೂ ಇಂಗ್ಲಿಷಿನವರು ಗ್ಲೀನ್ ಎನ್ನುತ್ತಾರೆ. ಅದು ನ್ಯಾಯವೇ, ಅಲ್ಲಿಯೂ ಬೆನ್ನು ಬಾಗುತ್ತದೆ. ಆದರೆ ಜನರ ಫೋನಿನಿಂದ ಅವರ ಓಡಾಟವನ್ನು, ಖರೀದಿಯನ್ನು, ನೆಂಟರ ಹೆಸರುಗಳನ್ನು ಹೇಳದೆ ಕೇಳದೆ ಬುಡಸಮೇತ ಎಳೆದುಕೊಳ್ಳುವ ಕಂಪನಿಯು ತನ್ನನ್ನು ಹಕ್ಕಲಾಯುವವನೆಂದು ಕರೆದುಕೊಳ್ಳುವುದೆ? ಅಲ್ಲಿ ತೆನೆ ಬಡವನದು, ಕುಡುಗೋಲು ಧಣಿಯದು. ಅದಕ್ಕೆ ‘ಹಾರ್ವೆಸ್ಟ್’ ಎಂಬ ಪ್ರಾಮಾಣಿಕವಾದ ಮಾತು ಇಂಗ್ಲಿಷಿನಲ್ಲಿಯೇ ಸಿದ್ಧವಾಗಿದೆ. ಮುಂದಿನ ವರದಿಯಲ್ಲಿ ಅದನ್ನೇ ಬರೆಯಿರಿ. ಮೇಲಧಿಕಾರಿಯು ಹೊಡೆದುಹಾಕಿದರೆ ಏಕೆಂದು ಕೇಳಿ, ಉತ್ತರವನ್ನು ನನಗೂ ತಿಳಿಸಿ.