ಹ್ಯಾಪಿ ಮೊಹರಂ ಅನ್ನಬೇಕಾ, ಬೇಡ್ವಾ?

ಪ್ರತಿ ವರ್ಷ ಮೊಹರಂ ಬಂದಾಗ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಜಗಳ. ಒಬ್ಬ 'ಹ್ಯಾಪಿ ಮೊಹರಂ' ಅಂತ ಸ್ಟೇಟಸ್ ಹಾಕ್ತಾನೆ. ಇನ್ನೊಬ್ಬ "ಇದು ಸಾವಿನ ದಿನ, ಹ್ಯಾಪಿ ಎಲ್ಲಿಂದ ಬಂತು?" ಅಂತ ಬೈತಾನೆ. ಮೂರನೆಯವನು "ಅದು ನಮ್ಮ ಹಬ್ಬಾನೇ ಅಲ್ಲ, ಬಿಡ್ರಲೇ" ಅಂತಾನೆ. ರಾಯಚೂರು, ಮಾನ್ವಿ, ದೇವದುರ್ಗದ ಕಡೆಯವರಾದ ನಮಗೆ ಮೂವರ ಮಾತೂ ಅರ್ಧ ಅನಿಸುತ್ತದೆ.

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನ್ ಹುತಾತ್ಮರಾದರು. ಮೊಹರಂ ಆ ಸಾವಿನ ನೆನಪು. ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಆ ನೆನಪು ಹೇಗೆ ನಡೀತದೆ ನೋಡಿ. ಅಲಾಯಿ ಕುಣಿಗೆ ಗುದ್ದಲಿ ಹಾಕ್ತಾರೆ. ಹಲಗಿ ಬಡಿತಕ್ಕೆ ಕುಣಿ ಸುತ್ತ ಹೆಜ್ಜೆ ಹಾಕ್ತಾರೆ. ಹುಲಿ ವೇಷ ಹಾಕಿದವರು ಬರ್ತಾರೆ, ಹರಕೆ ಹೊತ್ತವರು ಫಕೀರರಾಗ್ತಾರೆ, ಸಕ್ಕರೆ ಓದಿಸ್ತಾರೆ. 'ಖತಲ್' ಅಂದರೆ ಕೊಲೆ. ಆ ರಾತ್ರಿಯನ್ನು ನಮ್ಮ ಜನ 'ಕತ್ತಲ ರಾತ್ರಿ' ಮಾಡಿಕೊಂಡಿದ್ದಾರೆ. ಅರ್ಥವೂ ಕೆಡಲಿಲ್ಲ! ಮರುದಿನ ದೇವರು ಹೊಳೆಗೆ ಹೊಂಟಾಗ ಕುಣಿದವರೇ ಅಳ್ತಾರೆ. ಮುದಗಲ್ಲಿನ ಮೊಹರಂಗಂತೂ ಆಂಧ್ರ, ತೆಲಂಗಾಣದಿಂದಲೂ ಜನ ಬರ್ತಾರೆ. ಮುಸ್ಲಿಮರ ಒಂದೂ ಮನೆ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡ್ತಾವೆ.

ಇನ್ನು ಹೆಸರು. ಮಕ್ಕಳಾಗಲಿ ಅಂತ ಅಲಾಯಿ ದೇವರಿಗೆ ಹರಕೆ ಹೊತ್ತವರು, ಹುಟ್ಟಿದ ಕೂಸಿಗೆ ಹುಸೇನಪ್ಪ, ಹುಸೇನಮ್ಮ, ಇಮಾಮಪ್ಪ, ಫಕೀರಪ್ಪ ಅಂತ ಹೆಸರಿಡ್ತಾರೆ. ಇವರೆಲ್ಲ ಹಿಂದೂ ಮನೆಯವರು. ಅಟೆಂಡೆನ್ಸ್ ಕರೆಯುವಾಗ ದೂರದ ಊರಿನ ಲೆಕ್ಚರರ್ ಈ ಹೆಸರು ಬಂದ ಕೂಡಲೇ ತಲೆ ಎತ್ತಿ ನೋಡ್ತಾರೆ. ನಾವು ಯಾರೂ ನೋಡೋದಿಲ್ಲ. 1,300 ವರ್ಷಗಳ ಹಿಂದೆ ಸತ್ತವರ ಹೆಸರನ್ನು ಹಸುಗೂಸಿಗೆ ಇಡೋದು ಶೋಕವೋ, ಸಂಭ್ರಮವೋ? ನಮ್ಮ ಪ್ರಕಾರ, ಎರಡನ್ನೂ ಬೇರೆ ಮಾಡೋಕೆ ಹೋಗುವವರೇ ಇದನ್ನು ಕೆಡಿಸ್ತಿದ್ದಾರೆ. ಕುಣಿಬ್ಯಾಡ್ರಿ ಅನ್ನುವವರೂ, ಹೋಗಬ್ಯಾಡ್ರಿ ಅನ್ನುವವರೂ.

ಮೆಕ್ಸಿಕೋದಲ್ಲೂ ನವೆಂಬರ್ 1 ಮತ್ತು 2ರಂದು ಸತ್ತವರಿಗಾಗಿ ಚೆಂಡು ಹೂ ಹರಡಿ, ಊಟ ಇಟ್ಟು, ಹಾಡ್ತಾರೆ. 'ಕೋಕೋ' ಸಿನಿಮಾ ನೋಡಿ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡವರೇ. "ಎಂಥಾ ಕಲ್ಚರ್!" ಅಂದವರೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಮೆಕ್ಸಿಕೋ ಹತ್ತಿರ, ಮುದಗಲ್ ದೂರ.

ದೂರ ಆಗ್ತಿರೋದು ಮುಖ್ಯವಾಗಿ ಹಾಡು. ರಿವಾಯತ್ ಅಂದರೆ ನಿರೂಪಣೆ. ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದಲ್ಲಿ ಹೇಳುವ ಪದಗಳಿವು. ಯುದ್ಧಕ್ಕೆ ಹೊರಟ ಕಾಸಿಮನ ಮದುವೆಯ ಪದಗಳಿವೆ. ಬಾಸಿಂಗವೂ ಸಾವೂ ಒಂದೇ ಉಸಿರಲ್ಲಿ ಬರ್ತವೆ. ಹಾಡುವವರು ಹೆಚ್ಚಾಗಿ ವಯಸ್ಸಾದವರು. ಕೆಲವರಿಗೆ ಓದು ಬರಹ ಬರೋದಿಲ್ಲ, ಪದ ಎಲ್ಲ ಬಾಯಲ್ಲೇ. ನಮ್ಮ ಓರಗೆಯವರು ಮೊಬೈಲ್ ಹಿಡಿದು ನಿಂತಿರ್ತಾರೆ ನಿಜ. ಆದರೆ ಮೂವತ್ತು ಸೆಕೆಂಡಿನ ರೀಲ್, ಅದರ ಮೇಲೆ ಡಿಜೆ ಟ್ರ್ಯಾಕ್!

ಆದ್ದರಿಂದ ಕನ್ನಡ ಕ್ಲಬ್‌ನ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ಮೊಹರಂಗೆ ಊರಿಗೆ ಹೋದವರು ಹಿರಿಯರ ಪಕ್ಕ ಕೂತು, ಅವರನ್ನು ಕೇಳಿಯೇ, ಒಂದು ಪದವನ್ನಾದರೂ ಪೂರ್ತಿ ರೆಕಾರ್ಡ್ ಮಾಡಿ. ಊರು, ಹಾಡಿದವರ ಹೆಸರು, ಅವರು ಯಾರಿಂದ ಕಲಿತರು ಅಂತ ಬರೆದುಕೊಳ್ಳಿ. ಕ್ಲಬ್‌ನ ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ. ಚಾಂದ್ರಮಾನದ ಲೆಕ್ಕ, ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರೀತದೆ. ಅವತ್ತೇ ಇಂಟರ್ನಲ್ಸ್ ಬಿದ್ದರೆ ಎಚ್ಒಡಿ ಹತ್ರ ಯಾರು ಹೋಗಿ ಮಾತಾಡ್ತೀರಿ, ಅದನ್ನೊಂದು ಈಗಲೇ ಹೇಳಿಬಿಡಿ.