ಮಗು ನೋಡಿಕೊಳ್ಳುವಾಕೆ ಹೇಗಿರಬೇಕು?

ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಸಂಬಂಧಿಸಿದ ಕರಡು ಮಸೂದೆಯೊಂದನ್ನು ರಾಜ್ಯದ ಕಾರ್ಮಿಕ ಇಲಾಖೆ 2025ರಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಆಗ ನಾನು ಕೇಳಿಸಿಕೊಂಡ ಚರ್ಚೆಗಳೆಲ್ಲ ಹಣದ ಸುತ್ತಲೇ ಸುತ್ತುತ್ತಿದ್ದವು. ಮನೆಯ ಯಜಮಾನರು ಕಲ್ಯಾಣ ನಿಧಿಗೆ ಎಷ್ಟು ಕಟ್ಟಬೇಕು, ನೋಂದಣಿಯ ಹೊಣೆ ಯಾರದು, ಕಟ್ಟದಿದ್ದರೆ ದಂಡವೇ ಎಂಬ ಪ್ರಶ್ನೆಗಳು. ಅದೇ ಕರಡಿನಲ್ಲಿದ್ದ ‘ಲಿಖಿತ ಒಪ್ಪಂದ’ ಎಂಬ ಎರಡು ಪದಗಳತ್ತ ಹೆಚ್ಚಿನವರು ಗಮನ ಕೊಟ್ಟಂತೆ ಕಾಣಲಿಲ್ಲ. ನನಗೆ ಹೆಚ್ಚು ಕುತೂಹಲಕರವೆನಿಸಿದ್ದು ಅದೇ. ಇಷ್ಟು ಕಾಲ ಬಾಯಿಮಾತಿನಲ್ಲಿ, ಕೆಲವೊಮ್ಮೆ ಬರಿಯ ಮುಖಭಾವದಲ್ಲಿ, ನಡೆದುಬಂದ ಸಂಬಂಧವೊಂದನ್ನು ಕಾಗದದ ಮೇಲೆ ಇಳಿಸಬೇಕಾಗಿ ಬಂದರೆ ನಾವು ಏನನ್ನು ಬರೆದೇವು?

ಸಂಬಳ, ಸಮಯ, ವಾರದ ರಜೆ ಇವುಗಳನ್ನು ಬರೆಯುವುದು ಕಷ್ಟವಲ್ಲ. ಆದರೆ ಮಗುವನ್ನು ನೋಡಿಕೊಳ್ಳಲು ಹೆಂಗಸೊಬ್ಬಳನ್ನು ಹುಡುಕುವ ಮನೆಗಳಲ್ಲಿ ಅತಿ ತೀವ್ರವಾಗಿರುವ ನಿರೀಕ್ಷೆಗಳು ಇವಲ್ಲ. ಅವು ಆಕೆಯ ದೇಹಕ್ಕೆ ಸಂಬಂಧಿಸಿದವು. ಉಗುರು, ಕೂದಲು, ಬೆವರಿನ ವಾಸನೆ, ಉಡುಪು, ಬಾಯಲ್ಲಿರಬಹುದಾದ ಕಡ್ಡಿಪುಡಿ. ಬೆಂಗಳೂರಿನ ನಮ್ಮ ಬಡಾವಣೆಯ ದಂಪತಿಯೊಬ್ಬರು ತಮ್ಮ ಏಳು ತಿಂಗಳ ಕೂಸಿಗಾಗಿ ಕೆಲಸಕ್ಕೆ ಬರುವವರಿಗೆಂದು ಸಿದ್ಧಪಡಿಸಿದ್ದ ಪಟ್ಟಿಯೊಂದನ್ನು ನನಗೆ ತೋರಿಸಿದ್ದರು. ಅದನ್ನು ಕನ್ನಡಕ್ಕೆ ತಂದುಕೊಡಬೇಕಾಗಿತ್ತು. ಬಂದೊಡನೆ ಕೈಕಾಲು ತೊಳೆಯಬೇಕು, ಉಗುರು ಬೆಳೆಸಬಾರದು, ಗಾಜಿನ ಬಳೆ ಬೇಡ, ತಾಳಿಗೆ ಪಿನ್ನು ಸಿಕ್ಕಿಸಿಕೊಂಡು ಬರಕೂಡದು, ತಂಬಾಕು ಸಲ್ಲದು. ಇಲ್ಲಿಯವರೆಗೆ ನನ್ನ ಲೇಖನಿ ಎಲ್ಲಿಯೂ ತಡೆಯಲಿಲ್ಲ. ಮುಂದಿನ ಸಾಲುಗಳು ಹೀಗಿದ್ದವು: ಮನೆಯಲ್ಲಿ ಸ್ನಾನ ಮಾಡಿಯೇ ಬರಬೇಕು; ತಲೆಗೆ ಕೊಬ್ಬರಿ ಎಣ್ಣೆ, ಹೂವು ಬೇಡ; ಹಿಂದಿನ ರಾತ್ರಿ ಮಾಂಸ ಮೀನು ತಿಂದಿರಬಾರದು; ಕುರ್ಚಿ ಸೋಫಾಗಳ ಮೇಲೆ ಕೂರಬಾರದು; ಲಿಪ್‌ಸ್ಟಿಕ್ ಹಚ್ಚಬಾರದು; ಅತಿಥಿಗಳಿದ್ದಾಗ ‘ನೀಟಾಗಿ’ ಕಾಣಬೇಕು.

ಆ ದಂಪತಿ ಕೆಟ್ಟವರಲ್ಲ. ಸಂಬಳವನ್ನು ತಿಂಗಳ ಮೊದಲ ದಿನವೇ ಕೊಡುವವರು. ಅವರ ಆತಂಕವೂ ಸುಳ್ಳಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ, ಅಜ್ಜ ಅಜ್ಜಿಯರು ಊರಲ್ಲಿ ಉಳಿದಿರುವ ಸಂಸಾರದಲ್ಲಿ ದಿನದ ಒಂಬತ್ತು ಹತ್ತು ಗಂಟೆ ಮಗುವನ್ನು ಅಪರಿಚಿತರ ಕೈಗೆ ಕೊಡುವುದೆಂದರೆ ಸಣ್ಣ ಮಾತಲ್ಲ. ಕಂಪನಿಗಳು ಶಿಶುವಿಹಾರ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತಾದರೂ ಅದು ಅನ್ವಯಿಸಿದ್ದು ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ. ಉಳಿದವರು ತಮ್ಮ ದಾರಿ ತಾವೇ ಕಂಡುಕೊಳ್ಳಬೇಕು. ಹೀಗಿರುವಾಗ ತಾಯ್ತಂದೆಯರ ನಿರೀಕ್ಷೆಗಳನ್ನೆಲ್ಲ ಶ್ರೀಮಂತರ ದರ್ಪವೆಂದು ತಳ್ಳಿಹಾಕುವುದು ಅನ್ಯಾಯ.

ಕೆಲವು ನಿರೀಕ್ಷೆಗಳಿಗೆ ಗಟ್ಟಿಯಾದ ಆಧಾರವಿದೆ. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ನಾಯಿಕೆಮ್ಮಿನ ವಿರುದ್ಧದ ಮೊದಲ ಚುಚ್ಚುಮದ್ದು ಮಗುವಿಗೆ ಸಿಗುವುದು ಆರನೆಯ ವಾರದಲ್ಲಿ. ನಂತರದವು ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ. ಅಲ್ಲಿಯವರೆಗೆ ಎಳೆಗೂಸಿಗೆ ಅಪಾಯ ಬರುವುದು ಸುತ್ತಲಿನ ದೊಡ್ಡವರಿಂದಲೇ. ಅವರಲ್ಲಿ ಬರಿಯ ಕೆಮ್ಮಾಗಿ ಕಾಣುವುದು ಕೂಸಿನ ಉಸಿರುಗಟ್ಟಿಸಬಲ್ಲದು. ಸಾಬೂನಿನಿಂದ ಕೈ ತೊಳೆಯುವುದು ಭೇದಿಯನ್ನು ತಡೆಯುವ ಅತಿ ಅಗ್ಗದ ಉಪಾಯ. ಬೀಡಿ ಸಿಗರೇಟಿನ ಹೊಗೆಯ ಶೇಷ ಬಟ್ಟೆಗೂ ಕೂದಲಿಗೂ ಅಂಟಿಕೊಂಡು ಬರುತ್ತದೆ. ಹೊರಗೆ ಸೇದಿ ಬಂದೆ ಎಂದರೆ ಸಾಲದು. ಉಗುರು, ಬಳೆ, ಪಿನ್ನುಗಳ ವಿಷಯವಂತೂ ವಿವರಿಸಬೇಕಾಗಿಯೇ ಇಲ್ಲ. ಇವು ಹಟವಾಗಿ ಕೇಳಬೇಕಾದ ಸಂಗತಿಗಳು.

ಆದರೆ ಇಲ್ಲೊಂದು ವಿಚಿತ್ರವಿದೆ. ನಾಯಿಕೆಮ್ಮಿನ ರೋಗಾಣುವಿಗೆ ಸಂಬಳ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ತಿಳಿಯದು. ಕಚೇರಿಯಿಂದ ಮೆಟ್ರೊದಲ್ಲಿ ನಿಂತುಕೊಂಡು ಬಂದ ತಂದೆ ಕೈ ತೊಳೆಯದೆ ಮಗುವನ್ನೆತ್ತಿ ಮುದ್ದಿಸುತ್ತಾನೆ. ಮದುವೆಮನೆಯಿಂದ ಬಂದ ಚಿಕ್ಕಮ್ಮ ಮೂಗು ಸೋರುತ್ತಿದ್ದರೂ ಕೂಸಿನ ಕೆನ್ನೆಗೆ ಮುತ್ತಿಡುತ್ತಾಳೆ. ಬಾಲ್ಕನಿಯಲ್ಲಿ ನಿಂತು ಸಿಗರೇಟು ಸೇದುವ ಮಾವನಿಗೆ ಪಟ್ಟಿ ಕೊಡುವವರಿಲ್ಲ. ಮನೆಯಲ್ಲಿರುವ ಎಲ್ಲರಿಗೂ ಅನ್ವಯಿಸುವ ನಿಯಮ ಆರೋಗ್ಯದ ನಿಯಮ. ಒಬ್ಬಳಿಗೆ ಮಾತ್ರ ಅನ್ವಯಿಸುವುದು ಬೇರೇನೋ. 2020ರಲ್ಲಿ ಇದನ್ನು ನಾವು ಕಣ್ಣಾರೆ ಕಂಡೆವು. ರಾಜ್ಯದ ಮೊದಲ ಕೋವಿಡ್ ಪ್ರಕರಣ ಅಮೆರಿಕದಿಂದ ಬೆಂಗಳೂರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರದು. ಸೋಂಕು ವಿಮಾನದಲ್ಲಿ ಬಂದಿತ್ತು. ಅಪಾರ್ಟ್‌ಮೆಂಟುಗಳ ಗೇಟು ಮಾತ್ರ ತಿಂಗಳುಗಟ್ಟಲೆ ಮುಚ್ಚಿದ್ದು ನಡೆದು ಬರುವವರಿಗೆ.

ಎರಡನೆಯ ಪ್ರಶ್ನೆ ಖರ್ಚಿನದು. ಸ್ವಚ್ಛತೆ ಎಂಬುದು ಗುಣವಷ್ಟೇ ಅಲ್ಲ, ಒಂದು ಸೌಲಭ್ಯ ಕೂಡ. ಅದಕ್ಕೆ ನೀರು ಬೇಕು, ಸಮಯ ಬೇಕು, ಬಾಗಿಲಿರುವ ಬಚ್ಚಲುಮನೆ ಬೇಕು. ರಾಯಚೂರು, ಯಾದಗಿರಿ ಕಡೆಯಿಂದ ಬಂದು ನಗರದ ಅಂಚಿನ ಶೆಡ್ಡುಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ನೀರು ಬರುವುದು ನಲ್ಲಿಯಲ್ಲಲ್ಲ, ಬಿಂದಿಗೆಯಲ್ಲಿ. 2024ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಕೊಳವೆಬಾವಿಗಳು ಬತ್ತಿ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಘೋಷಿಸಿದ ಆ ಮಾರ್ಚ್‌ನಲ್ಲಿ ಸುಖವಾಗಿದ್ದ ಬಡಾವಣೆಗಳ ಜನರೂ ಬಕೆಟ್ಟು ಲೆಕ್ಕ ಹಾಕಿದರು. ನಾವು ಕೆಲವು ವಾರ ಅನುಭವಿಸಿದ್ದು ಕೆಲವರ ವರ್ಷದ ಪಾಡು. ನಸುಕಿನ ನಾಲ್ಕೂವರೆಗೆದ್ದು ನೀರಿಗೆ ನಿಂತು, ತನ್ನ ಮಕ್ಕಳಿಗೆ ಡಬ್ಬಿ ಕಟ್ಟಿ, ಎರಡು ಬಸ್ಸು ಬದಲಿಸಿ ಎಂಟಕ್ಕೆ ಬಾಗಿಲಲ್ಲಿ ನಿಲ್ಲುವಾಕೆ ಬೆವರಿರದಿದ್ದರೆ ಅದೊಂದು ಪವಾಡ.

ಹಾಗಾದರೆ ಪರಿಹಾರ ಸರಳವಲ್ಲವೇ? ಬಂದ ಮೇಲೆ ಸ್ನಾನಕ್ಕೆ ನಮ್ಮ ಮನೆಯಲ್ಲೇ ಅವಕಾಶ ಕೊಟ್ಟು, ಒಂದು ಜತೆ ಒಗೆದ ಬಟ್ಟೆ ಇಟ್ಟುಕೊಳ್ಳಲು ಕಪಾಟಿನಲ್ಲೊಂದು ಅರೆ ಬಿಟ್ಟುಕೊಟ್ಟರೆ ಆಯಿತು. ಆಸ್ಪತ್ರೆಗಳಲ್ಲಿ ದಾದಿಯರಿಗೆ ಮಾಡುವುದು ಇದನ್ನೇ. ಮೇಲೆ ಹೇಳಿದ ಪಟ್ಟಿಯ ಮನೆಯಲ್ಲಿ ನಾನು ಈ ಮಾತೆತ್ತಿದಾಗ ಸ್ವಲ್ಪ ಹೊತ್ತು ಮೌನ ಕವಿಯಿತು. ‘ನಮ್ಮ ಬಾತ್‌ರೂಮಿನಲ್ಲೇ?’ ಎಂದರು ಆಕೆ. ಸ್ನಾನದ ಮಾತಿರಲಿ, ದಿನವಿಡೀ ಮಗುವನ್ನು ಎತ್ತಿಕೊಂಡಿರುವಾಕೆ ಆ ಮನೆಯ ಶೌಚಾಲಯವನ್ನೂ ಬಳಸುವಂತಿರಲಿಲ್ಲ. ನೆಲಮಾಳಿಗೆಯಲ್ಲಿ ಕಾವಲುಗಾರರಿಗೆಂದು ಕಟ್ಟಿದ ಒಂದೇ ಶೌಚಾಲಯಕ್ಕೆ ಹೋಗಬೇಕು. ಅಲ್ಲಿ ಸಾಬೂನು ಇರುವುದಿಲ್ಲ. ತಿಂಗಳ ಆ ನಾಲ್ಕು ದಿನ ಆಕೆ ಏನು ಮಾಡುತ್ತಾಳೆಂದು ಯಾರೂ ಕೇಳಿದಂತಿಲ್ಲ. ಮಗುವಿನ ಬಾಯಿಗೆ ತುತ್ತಿಡುವ ಕೈ ಸ್ವಚ್ಛವಾಗಿರಬೇಕೆಂಬ ಕಾಳಜಿ ಪ್ರಾಮಾಣಿಕವಾದದ್ದಾಗಿದ್ದರೆ ಮನೆಯೊಳಗಿನ ಶೌಚಾಲಯ, ಮನೆಯೊಳಗಿನ ಸಾಬೂನು ಇವೇ ಮೊದಲ ನಿಯಮಗಳಾಗಬೇಕಿತ್ತು.

ನಮ್ಮ ಅಜ್ಜಿಯರ ಕಾಲದಲ್ಲಿ ಇದಕ್ಕೊಂದು ಹೆಸರಿತ್ತು: ಮಡಿ. ಅದಕ್ಕೂ ಕೊಳೆಗೂ ಸಂಬಂಧ ಕಡಿಮೆ. ಮೂರು ದಿನ ಒಗೆಯದ ರೇಷ್ಮೆ ಸೀರೆ ಮಡಿಯೆನಿಸಿಕೊಳ್ಳುತ್ತಿತ್ತು. ಈಗಷ್ಟೇ ಮಿಂದು ಬಂದ ಕೆಲಸದಾಕೆ ಮೈಲಿಗೆಯೇ. ಓದಿದ ನಾವು ಮಡಿಯನ್ನು ಬಿಟ್ಟೆವೆಂದು ಹೇಳಿಕೊಳ್ಳುತ್ತೇವೆ. ಅಡುಗೆಮನೆಯ ಮೂಲೆಯಲ್ಲಿ ಬೇರೆಯಾಗಿ ಬೋರಲು ಹಾಕಿದ ಒಂದು ಸ್ಟೀಲ್ ಲೋಟ, ಒಂದು ತಟ್ಟೆ ಈಗಲೂ ಎಷ್ಟು ಮನೆಗಳಲ್ಲಿವೆ ಎಂಬುದನ್ನು ಓದುಗರೇ ಬಲ್ಲರು. ಕಾರಣ ಕೇಳಿದರೆ ಜಾತಿಯ ಮಾತು ಬರುವುದಿಲ್ಲ, ‘ಹೈಜೀನ್’ ಎಂಬ ಉತ್ತರ ಬರುತ್ತದೆ. ನಿನ್ನೆ ರಾತ್ರಿ ಆಕೆ ತಿಂದ ಮೀನಿಗೂ ಇಂದು ಮಗು ಕುಡಿಯುವ ಹಾಲಿಗೂ ನಂಟು ಕಲ್ಪಿಸುವ ವಿಜ್ಞಾನ ಯಾವುದು? ಅದೇ ಲೋಟವನ್ನು ಮುಟ್ಟಲು ಅರ್ಹವಲ್ಲದ ಕೈ ಮಗುವಿನ ತುಟಿ ಒರೆಸಬಹುದು ಎಂಬ ವಿರೋಧಾಭಾಸ ನಮ್ಮನ್ನು ಕಾಡದಿರುವುದೇ ಸೋಜಿಗ. ಮಡಿಯಲ್ಲಿ ತರ್ಕ ಹುಡುಕಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅವರು ಕನಿಷ್ಠ ವೈದ್ಯಶಾಸ್ತ್ರವನ್ನು ಸಾಕ್ಷಿಗೆ ಕರೆಯುತ್ತಿರಲಿಲ್ಲ.

ಇನ್ನು ರೂಪದ ವಿಷಯ. ಇಲ್ಲಿ ನಮ್ಮ ನಿರೀಕ್ಷೆ ಎರಡು ದಿಕ್ಕಿಗೆ ಎಳೆಯುತ್ತದೆ. ಆಕೆ ಬಡವಳಂತೆ ಕಾಣಬಾರದು, ಏಕೆಂದರೆ ಅದು ನಮ್ಮ ಮನೆಯ ಗೌರವಕ್ಕೆ ಕುಂದು. ಚೆನ್ನಾಗಿಯೂ ಕಾಣಬಾರದು, ಏಕೆಂದರೆ ಯಾರು ಒಡತಿ, ಯಾರು ಕೆಲಸದಾಕೆ ಎಂಬುದು ನೋಡುವವರಿಗೆ ತಿಳಿಯಬೇಕು. ಲಿಪ್‌ಸ್ಟಿಕ್ ಬೇಡವೆಂಬ ನಿಯಮದ ಒಳಗುಟ್ಟು ಇಷ್ಟೇ. 2017ರ ಜೂನ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಘಟನೆ ಇದರ ನಿಚ್ಚಳ ಉದಾಹರಣೆ. ಮಗು ನೋಡಿಕೊಳ್ಳುವ ಮೇಘಾಲಯದ ಖಾಸಿ ಮಹಿಳೆಯೊಬ್ಬರು ತಮ್ಮ ಒಡತಿಯ ಜತೆ ಅಲ್ಲಿಗೆ ಊಟಕ್ಕೆ ಆಹ್ವಾನಿತರಾಗಿ ಹೋಗಿದ್ದರು. ತೊಟ್ಟಿದ್ದು ತಮ್ಮ ಸಮುದಾಯದ ಸಾಂಪ್ರದಾಯಿಕ ಉಡುಪಾದ ಜೈನ್‌ಸೆಮ್. ‘ಕೆಲಸದವಳ ಬಟ್ಟೆಯಂತಿದೆ’ ಎಂಬ ಕಾರಣಕ್ಕೆ ಮೇಜಿನಿಂದ ಎದ್ದು ಹೋಗುವಂತೆ ಅಲ್ಲಿನ ಸಿಬ್ಬಂದಿ ಹೇಳಿದರು. ಅಂದು ಆಕೆಯ ಉಡುಪು ಕೊಳೆಯಾಗಿರಲಿಲ್ಲ, ಹರಿದಿರಲಿಲ್ಲ. ಆಕ್ಷೇಪವಿದ್ದದ್ದು ಆ ಉಡುಪು ಯಾರನ್ನು ನೆನಪಿಸಿತು ಎಂಬುದಕ್ಕೆ. ಸಮಾಧಾನದ ಸಂಗತಿಯೆಂದರೆ ಆಕೆಯ ಒಡತಿ ಸುಮ್ಮನಿರಲಿಲ್ಲ; ವಿಷಯ ದೇಶದಾದ್ಯಂತ ಸುದ್ದಿಯಾದದ್ದು ಆಕೆ ಪ್ರತಿಭಟಿಸಿದ್ದರಿಂದ.

ಸಮವಸ್ತ್ರವೇ ಅವಮಾನವೆಂದು ನಾನು ಹೇಳಲಾರೆ. ಇಂಗ್ಲೆಂಡಿನಲ್ಲಿ 1892ರಲ್ಲಿ ಆರಂಭವಾದ ನಾರ್‌ಲ್ಯಾಂಡ್ ಎಂಬ ಸಂಸ್ಥೆ ಶಿಶುಪಾಲಕಿಯರನ್ನು ತರಬೇತುಗೊಳಿಸುತ್ತ ಬಂದಿದೆ. ಅದರ ಕಂದು ಉಡುಪು, ಟೋಪಿಗಳು ಅಲ್ಲಿನ ರಾಜಕುಟುಂಬದ ಸಮಾರಂಭಗಳಲ್ಲೂ ಕಾಣಿಸಿಕೊಳ್ಳುತ್ತವೆ. ತಮ್ಮ ವಿದ್ಯಾರ್ಥಿನಿಯರನ್ನು ಮನೆಗೆಲಸದವರೆಂದು ಯಾರೂ ತಪ್ಪು ತಿಳಿಯಬಾರದು ಎಂಬುದು ಆ ಉಡುಪಿನ ಮೂಲ ಉದ್ದೇಶಗಳಲ್ಲೊಂದು. (ಮನೆಗೆಲಸದವರನ್ನು ಕೆಳಗಿಟ್ಟೇ ಈ ಗೌರವ ಸಿಕ್ಕಿತೆಂಬುದು ಬೇರೆ ಮಾತು.) ಅದರ ಹಿಂದೆ ವರ್ಷಗಟ್ಟಲೆ ಓದು, ಪದವಿ, ಅದಕ್ಕೆ ತಕ್ಕ ಸಂಬಳ ಇವೆ. ನಮ್ಮ ಮಾಲ್‌ಗಳಲ್ಲಿ, ಹೋಟೆಲುಗಳಲ್ಲಿ ಮಗುವಿನ ಗಾಡಿ ತಳ್ಳಿಕೊಂಡು, ಕುಟುಂಬ ಊಟ ಮಾಡುವಾಗ ಪಕ್ಕದಲ್ಲಿ ನಿಂತಿರುವ ಹುಡುಗಿಯ ಸಮವಸ್ತ್ರದ ಹಿಂದೆ ಇವುಗಳಲ್ಲಿ ಯಾವುದೂ ಇಲ್ಲ. ಒಂದು ಬಟ್ಟೆ ಆಕೆ ಕಲಿತದ್ದನ್ನು ಹೇಳುತ್ತದೆ, ಇನ್ನೊಂದು ಆಕೆ ಎಲ್ಲಿ ನಿಲ್ಲಬೇಕೆಂಬುದನ್ನು.

ಕಚೇರಿಗಳಲ್ಲೂ ಉಡುಪಿನ ನಿಯಮಗಳಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇವೆ. ಆದರೆ ಕಚೇರಿಯಲ್ಲಿ ಶೌಚಾಲಯವಿರುತ್ತದೆ, ಜ್ವರ ಬಂದರೆ ಸಂಬಳಸಹಿತ ರಜೆಯಿರುತ್ತದೆ, ದೂರು ಕೊಡಲು ಒಬ್ಬ ಅಧಿಕಾರಿಯಿರುತ್ತಾನೆ. ರಜೆಯ ಮಾತು ಇಲ್ಲಿ ಮುಖ್ಯವಾದದ್ದು. ‘ಶೀತ ಕೆಮ್ಮು ಇದ್ದರೆ ಬರಬಾರದು’ ಎಂದು ನಿಯಮ ಮಾಡಿ, ಬಾರದ ದಿನದ ಸಂಬಳ ಮುರಿದುಕೊಂಡರೆ ಆಕೆ ಕಲಿಯುವುದು ಕೆಮ್ಮನ್ನು ಬಚ್ಚಿಡುವುದನ್ನು. ಮಾತ್ರೆ ನುಂಗಿ ಬಂದು ಮಗುವನ್ನೆತ್ತಿಕೊಳ್ಳುತ್ತಾಳೆ. ಮಗುವಿನ ಆರೋಗ್ಯವನ್ನು ಕಾಪಾಡಬೇಕಾದ ನಿಯಮವೇ ಅದನ್ನು ಅಪಾಯಕ್ಕೊಡ್ಡುತ್ತದೆ.

ಕಾನೂನು ಈ ದಿಕ್ಕಿನಲ್ಲಿ ಬಹಳ ನಿಧಾನವಾಗಿ ಸಾಗಿದೆ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು 2004ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗೃಹ ಕಾರ್ಮಿಕರಿಗಾಗಿ 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆಯ ಪರ ಭಾರತ ಮತ ಹಾಕಿತು, ಅನುಮೋದಿಸಲಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದು ಗುರುತಿಸಿದ್ದು ದೊಡ್ಡ ಹೆಜ್ಜೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗೃಹ ಕಾರ್ಮಿಕರಿಗೆ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆದರೆ ಉಗುರು, ಎಣ್ಣೆ, ಲೋಟಗಳ ಮೇಲೆ ಯಾವ ಶಾಸನವೂ ನೇರವಾಗಿ ಕಣ್ಣಿಡಲಾರದು. ಅಲ್ಲಿ ಕೆಲಸಕ್ಕೆ ಬರಬಹುದಾದದ್ದು ಲಿಖಿತ ಒಪ್ಪಂದವೇ. ಮಗುವಿನ ರಕ್ಷಣೆಗೆ ಅಗತ್ಯವಾದ ಷರತ್ತನ್ನು ಬರೆಯಲು ಯಾರಿಗೂ ಸಂಕೋಚವಾಗುವುದಿಲ್ಲ. ‘ಸೋಫಾದ ಮೇಲೆ ಕೂರಬಾರದು’, ‘ನಮ್ಮ ಶೌಚಾಲಯ ಬಳಸಬಾರದು’ ಎಂದು ಬರೆದು ಕೆಳಗೆ ಸಹಿ ಹಾಕುವ ಧೈರ್ಯ ಎಷ್ಟು ಮಂದಿಗಿದ್ದೀತು?

ಆ ದಂಪತಿಯ ಪಟ್ಟಿ ಕೊನೆಗೆ ಆರು ಸಾಲುಗಳಿಗೆ ಇಳಿಯಿತು. ಅದರ ಕೆಳಗೆ ನಾಲ್ಕು ಸಾಲು ಮನೆಯವರ ಕರ್ತವ್ಯಗಳೆಂದು ಸೇರಿದವು: ಸಾಬೂನು ಮತ್ತು ಟವೆಲು, ಒಳಗಿನ ಶೌಚಾಲಯ, ಕಾಯಿಲೆ ಬಿದ್ದ ದಿನದ ಪೂರ್ತಿ ಸಂಬಳ, ನಾಯಿಕೆಮ್ಮಿನ ಚುಚ್ಚುಮದ್ದಿನ ಖರ್ಚು. ಈ ಕೊನೆಯದು ದೊಡ್ಡವರಿಗೆ ಖಾಸಗಿ ಆಸ್ಪತ್ರೆಯಲ್ಲಿ ಅಗ್ಗವಲ್ಲ. ಮಗುವಿನ ತಂದೆ, ಅಜ್ಜ, ಅಜ್ಜಿ ಇನ್ನೂ ಹಾಕಿಸಿಕೊಂಡಿಲ್ಲ. ಬೇರೆ ಲೋಟದ ವಿಷಯ ಮಾತ್ರ ಚರ್ಚೆಗೆ ಬರಲಿಲ್ಲ.